ಡ್ರೈವರ್ ದೂಮಪ್ಪ ಮರಳುಗಾಡು ದಾಟಿದ್ದು

ಹಂಪನಕಟ್ಟೆಯಿಂದ ಮೂಡಬಿದ್ರೆಗೆ ಓಡುತ್ತಿದ್ದ ಬಸ್ಸಿನಲ್ಲಿ ಕೂತು ಅಭ್ಯಾಸ ಇದ್ದವರು ಡ್ರೈವರ್ ದೂಮಪ್ಪನನ್ನು ಬಹಳ ಜಾಗ್ರತೆಯ ಮನುಷ್ಯ ಎಂದು ಹೊಗಳುತ್ತಿದ್ದರು. ಬಸ್ಸು ಹೊರಡುವ ಮೊದಲು ಅವನು ಒಂದು ಸುತ್ತು ಬಂದು ಚಕ್ರಗಳನ್ನು ತಟ್ಟಿ ನೋಡುತ್ತಿದ್ದ. ಹತ್ತಿ ಕೂತು ಬ್ರೇಕು ಒತ್ತುತ್ತಿದ್ದ. ಕಂಡಕ್ಟರು ಸೀಟಿ ಊದಿದ ಮೇಲೂ ಒಮ್ಮೆ ಇಳಿದು, ಬಸ್ಸಿನ ಮಾಡಿನ ಮೇಲೆ ಕಟ್ಟಿದ ಅಕ್ಕಿಮುಡಿಗಳ ಹಗ್ಗ ಎಳೆದು ನೋಡಿ, ಪುನಃ ಹತ್ತಿ ಪುನಃ ಬ್ರೇಕು ಒತ್ತುತ್ತಿದ್ದ. ಅವಸರದವರು ಗೊಣಗುತ್ತಿದ್ದರು. ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೊರಟ ಹೆಂಗಸರು ಮಾತ್ರ, ಇಂಥ ಡ್ರೈವರು ಇದ್ದರೆ ನೆಮ್ಮದಿ ಎನ್ನುತ್ತಿದ್ದರು. ಅವನ ಒಳಗೆ ಏನು ನಡೆಯುತ್ತಿತ್ತು ಎಂಬುದು ಪಕ್ಕದಲ್ಲಿ ನಿಲ್ಲುವ ಕಂಡಕ್ಟರ್ ಮೊಯ್ದೀನಬ್ಬನಿಗೆ ಗೊತ್ತಿತ್ತು. ಸ್ಟಿಯರಿಂಗ್ ಹಿಡಿದ ದೂಮಪ್ಪನ ಕೈ ಕದ್ರಿಯ ಏರು ಹತ್ತುವವರೆಗೂ ಸಣ್ಣಗೆ ನಡುಗುತ್ತಿತ್ತು. ಮೊಯ್ದೀನಬ್ಬ ಅದನ್ನು ಕಾಣದವನ ಹಾಗೆ ತನ್ನ ಮಾವನ ಮನೆಯ ಸುದ್ದಿ, ಬಂದರಿಗೆ ಸರಕು ತಂದ ಮಂಜಿ ಹಡಗುಗಳ ಸುದ್ದಿ ಎಂದು ಏನಾದರೂ ಮಾತಾಡುತ್ತಲೇ ಇರುತ್ತಿದ್ದ. ಆ ಮಾತು ಕಿವಿಗೆ ಬೀಳುತ್ತಿದ್ದರೆ ದೂಮಪ್ಪನ ಕೈ ನಿಧಾನಕ್ಕೆ ನಿಲ್ಲುತ್ತಿತ್ತು.

ಅವನಿಂದ ಆಗದ ಕೆಲಸ ಒಂದಿತ್ತು: ಖಾಲಿ ಬಸ್ಸನ್ನು ಒಬ್ಬನೇ ಬಿಡುವುದು. ಸಂಜೆ ಕೊನೆಯ ಟ್ರಿಪ್ಪು ಮುಗಿದು ಜನ ಇಳಿದ ಮೇಲೆ ಬಸ್ಸನ್ನು ಶೆಡ್ಡಿಗೆ ಒಯ್ಯಬೇಕು. ದೂರ ಏನಲ್ಲ, ಒಂದು ಬೀಡಿ ಸೇದಿ ಮುಗಿಸುವಷ್ಟರ ದಾರಿ. ಆದರೆ ಹಿಂದೆ ಸೀಟುಗಳೆಲ್ಲ ಖಾಲಿ, ಪಕ್ಕದಲ್ಲೂ ಯಾರಿಲ್ಲ ಎಂದಾದರೆ ಅವನ ಎದೆ ಹೊಡೆದುಕೊಳ್ಳಲು ಸುರು ಮಾಡುತ್ತಿತ್ತು. ಮೊಯ್ದೀನಬ್ಬನ ಮನೆ ಬಂದರಿನಲ್ಲಿ. ಶೆಡ್ಡು ಇದ್ದದ್ದು ಅದಕ್ಕೆ ವಿರುದ್ಧ ದಿಕ್ಕಿನ ಕಂಕನಾಡಿಯಲ್ಲಿ. ಆದರೂ ಅವನು ಶೆಡ್ಡಿನವರೆಗೆ ಜೊತೆಗೆ ಬಂದು, ಬಸ್ಸು ನಿಲ್ಲಿಸಿದ ಮೇಲೆ ನಡೆದೇ ಮನೆಗೆ ಹೋಗುತ್ತಿದ್ದ. ಯಾಕೆಂದು ಅವನು ಕೇಳಿದ್ದಿಲ್ಲ, ದೂಮಪ್ಪ ಹೇಳಿದ್ದೂ ಇಲ್ಲ.

ಈ ಹೆದರಿಕೆ ಹುಟ್ಟಿದ್ದು ಕಡಲಲ್ಲಿ. ದೂಮಪ್ಪ ಬೊಕ್ಕಪಟ್ಣದ ಮೊಗವೀರರ ಮನೆಯವನು. ಅವರದು ಅಳಿಯಕಟ್ಟು. ಮನೆ, ದೋಣಿ, ಬಲೆ ಎಲ್ಲ ಮಾವನಿಂದ ಸೋದರಳಿಯನಿಗೆ ಬರುವಂಥದ್ದು. ತಾಯಿಯ ಅಣ್ಣ ಬೂಬ ಮಾವ ದೋಣಿಯ ತಾಂಡೇಲರು. ಚುಕ್ಕಾಣಿ ಹಿಡಿಯುವವರು ಅವರು, ಎಲ್ಲಿ ಬಲೆ ಬಿಡಬೇಕು, ಯಾವಾಗ ದಡಕ್ಕೆ ತಿರುಗಬೇಕು ಎಂದು ಹೇಳುವವರೂ ಅವರೇ. ಅವರ ನಂತರ ಆ ಜಾಗದಲ್ಲಿ ಕೂರುವವನು ಹಿರಿಯ ಅಳಿಯ ದೂಮಪ್ಪ ಎಂಬುದು ಅವನಿಗೆ ನಡೆಯಲು ಬರುವ ಮೊದಲೇ ಊರಿಗೆಲ್ಲ ಗೊತ್ತಿತ್ತು. ಮೀಸೆ ಮೂಡುವ ಹೊತ್ತಿಗೆ ಅವನು ಚೆನ್ನಾಗಿ ಹುಟ್ಟು ಹಾಕುತ್ತಿದ್ದ. ಪಕ್ಕದಲ್ಲಿ ಕೂತು ಹುಟ್ಟು ಹಾಕುತ್ತಿದ್ದವನು ನೆರೆಮನೆಯ ಸುಂದರ, ಅವನದೇ ಪ್ರಾಯದವನು.

ಒಂದು ವರ್ಷ ಮಳೆಗಾಲ ಕಳೆದು ದೋಣಿ ಇಳಿಸಿದ ಹೊಸತರಲ್ಲಿ, ಹೊಳೆ ಕಡಲಿಗೆ ಸೇರುವ ಅಳಿವೆಯ ಬಾಯಿಯಲ್ಲಿ ದೊಡ್ಡ ತೆರೆ ಅಡ್ಡ ಬಂದು ದೋಣಿ ಕವುಚಿ ಬಿತ್ತು. ಉಳಿದವರು ಈಜಿ ದಡ ಸೇರಿದರು. ದೂಮಪ್ಪ ಕವುಚಿದ ದೋಣಿಯ ಬೆನ್ನಿಗೆ ಅಂಟಿಕೊಂಡು ಸೆಳೆತದೊಂದಿಗೆ ಹೊರಗಿನ ಕಡಲಿಗೆ ಹೋದ. ಬೇರೆ ದೋಣಿಯವರು ಹುಡುಕಿಕೊಂಡು ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎತ್ತಿಕೊಳ್ಳುವವರೆಗೆ ಸುತ್ತ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಸುಂದರ ಮೇಲೆ ಬರಲೇ ಇಲ್ಲ. ಆಮೇಲೆ ಅವನ ದೇಹ ತಣ್ಣೀರುಬಾವಿಯ ದಡಕ್ಕೆ ಬಂತು.

ಇದರಲ್ಲಿ ದೂಮಪ್ಪನ ತಪ್ಪು ಎಂಬುದು ಏನೂ ಇರಲಿಲ್ಲ, ಸುಂದರನ ಮನೆಯವರೂ ಅದನ್ನೇ ಹೇಳಿದರು. ಆದರೆ ಮತ್ತೆ ದೋಣಿ ಹತ್ತಿದಾಗ ಅವನ ಬೆರಳುಗಳು ಹುಟ್ಟಿನ ಸುತ್ತ ಮಡಚಲಿಲ್ಲ. ಬೂಬ ಮಾವ ಬೈಯಲಿಲ್ಲ. ಈ ವರ್ಷ ಬೇಡ, ಮುಂದಿನ ವರ್ಷ ನೋಡುವ ಎಂದರು. ಮುಂದಿನ ವರ್ಷ ದೂಮಪ್ಪನೇ ಆ ಮಾತು ಹೇಳಿದ. ಅದರ ಮುಂದಿನ ವರ್ಷವೂ ಹೇಳಿದ. ನಡುವೆ ಪೇಟೆಗೆ ಹೋಗಿ ಬಸ್ಸು ತೊಳೆಯುವ ಕೆಲಸ ಹಿಡಿದ, ಆಮೇಲೆ ಕ್ಲೀನರ್ ಆದ, ಆಮೇಲೆ ಡ್ರೈವರ್ ಆದ. ಕಡಲಿಗೆ ಬರುವುದಿಲ್ಲ ಎಂದು ಮಾತ್ರ ಅವನು ಒಮ್ಮೆಯೂ ಹೇಳಲಿಲ್ಲ. ಹಾಗೆ ಹೇಳದೆ ಇದ್ದದ್ದರಿಂದ ಮನೆಯಲ್ಲಿ ಎಲ್ಲವೂ ನಿಂತಲ್ಲೇ ನಿಂತಿತು. ಅವನ ತಮ್ಮ ಯಾದವ ಕಡಲಲ್ಲೇ ಬೆಳೆದವನು, ಕೆಲಸ ಬಲ್ಲವನು. ಆದರೆ ಹಿರಿಯವನು ಬಾಯಿಬಿಟ್ಟು ಬಿಟ್ಟುಕೊಡದೆ ಕಿರಿಯವನಿಗೆ ಚುಕ್ಕಾಣಿ ಕೊಡುವ ಕ್ರಮ ಇಲ್ಲ. ಬೂಬ ಮಾವನಿಗೆ ಪ್ರಾಯ ಆಗುತ್ತಾ ಬಂತು, ಮೊಣಕಾಲು ಬಾತುಕೊಳ್ಳಲು ಸುರುವಾಯಿತು. ಅವರು ಅದೇ ಕಾಲಿನಲ್ಲಿ ದೋಣಿ ಹತ್ತುತ್ತಿದ್ದರು.

ದೂಮಪ್ಪನಿಗೆ ಮದುವೆಯಾಗಿತ್ತು. ಹೆಂಡತಿ ವಾರಿಜಾಕ್ಷಿ ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಉರ್ವದ ಮಾರ್ಕೆಟ್ಟಿಗೆ ಹೋಗುವವಳು, ಹೆಚ್ಚು ಮಾತಿನವಳಲ್ಲ. ಗಂಡ ನಿದ್ರೆಯಲ್ಲಿ ಚಾಪೆಯ ಅಂಚನ್ನು ಮುಷ್ಟಿ ಕಟ್ಟಿ ಹಿಡಿದುಕೊಳ್ಳುವುದನ್ನು ಅವಳು ಕಂಡಿದ್ದಳು. ಬೆಳಿಗ್ಗೆ ಅದರ ಬಗ್ಗೆ ಎತ್ತುತ್ತಿರಲಿಲ್ಲ.

ಎರಡನೇ ಮಹಾಯುದ್ಧ ಜೋರಾಗಿ ನಡೆಯುತ್ತಿದ್ದ ಕಾಲಕ್ಕೆ ದಂಡಿನವರಿಗೆ ಲಾರಿ ಡ್ರೈವರುಗಳು ಬೇಕಾದರು. ಮಂಗಳೂರಿಗೂ ಆಳು ಸೇರಿಸುವವರು ಬಂದರು. ಅದೇ ಹೊತ್ತಿಗೆ ಮನೆಯಲ್ಲಿ ಬೂಬ ಮಾವ, ಇನ್ನು ತನ್ನಿಂದ ಆಗುವುದಿಲ್ಲ, ಈ ಸಲ ದೋಣಿ ಇಳಿಸುವಾಗ ದೂಮಪ್ಪ ಬಂದು ಕೂರಲೇಬೇಕು ಎಂದು ನಾಲ್ಕು ಜನರ ಎದುರು ಹೇಳಿಬಿಟ್ಟರು. ದೂಮಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ಆ ವಾರವೇ ಹೋಗಿ ದಂಡಿಗೆ ಹೆಸರು ಕೊಟ್ಟು ಬಂದ. ಮಾವನಿಗೆ ಹೇಳಿದ್ದು ಹೊರಡುವ ಹಿಂದಿನ ದಿನ. ಅದೂ ಬೇಗ ಬರ್ತೇನೆ, ಬಂದ ಮೇಲೆ ನೋಡುವ ಎಂದು.

ವಾರಿಜಾಕ್ಷಿ ಅವನ ಟ್ರಂಕಿಗೆ ಬಟ್ಟೆ ತುಂಬಿಸುತ್ತಾ ಇದ್ದವಳು ಕೈ ನಿಲ್ಲಿಸಿ ಕೇಳಿದಳು.

"ನೀವು ಹೋಗುವುದಾ, ಓಡಿಹೋಗುವುದಾ?"

ಎರಡರಲ್ಲಿ ಯಾವುದೆಂದು ನಿಜವಾಗಿ ದೂಮಪ್ಪನಿಗೇ ಗೊತ್ತಿರಲಿಲ್ಲ. ಟ್ರಂಕಿನ ಬೀಗ ಸರಿ ಬಿದ್ದಿದೆಯೋ ಎಂದು ಎಳೆದು ನೋಡಿದ, ಇನ್ನೊಮ್ಮೆ ಎಳೆದು ನೋಡಿದ. ಅವಳು ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಬೆಂಗಳೂರಿನ ಶಿಬಿರದಲ್ಲಿ ಕೆಲವು ತಿಂಗಳು ಕಳೆದ ಮೇಲೆ ಅವನಿದ್ದ ಕಂಪೆನಿಗೆ ಬಸ್ರಾಕ್ಕೆ ಹೋಗುವ ಹುಕುಂ ಬಂತು. ಬೊಂಬಾಯಿಯಿಂದ ಹಡಗು. ಕಡಲಿಂದ ತಪ್ಪಿಸಿಕೊಳ್ಳಲು ಹೊರಟವನು ಕಡಲ ಮೇಲೆಯೇ ಹೋಗಬೇಕಾಯಿತು. ಪ್ರಯಾಣದುದ್ದಕ್ಕೂ ಅವನು ಹಡಗಿನ ಹೊಟ್ಟೆಯೊಳಗೆ, ನೀರು ಕಾಣದ ಒಂದು ಮೂಲೆಯಲ್ಲಿ, ಕಬ್ಬಿಣದ ಕಂಬ ಹಿಡಿದು ಕೂತಿದ್ದ. ಮೇಲೆ ಹೋಗಿ ಗಾಳಿ ತೆಗೆದುಕೋ ಎಂದವರಿಗೆ ಹೊಟ್ಟೆ ಸರಿ ಇಲ್ಲ ಎಂದ.

ಬಸ್ರಾದಿಂದ ಬಾಗ್ದಾದು, ಬಾಗ್ದಾದಿನಿಂದ ಪಶ್ಚಿಮಕ್ಕೆ ಮರಳುಗಾಡು ದಾಟಿ ಪಾಲೆಸ್ಟೀನಿನ ಹೈಫಾ ಬಂದರಿನವರೆಗೆ ಸಾಮಾನು ಸಾಗಿಸುವುದು ಅವರ ಕೆಲಸ. ಮರಳುಗಾಡು ಎಂದರೆ ಬೊಕ್ಕಪಟ್ಣದ ಕಡಲ ದಡದ ಹಾಗೆ ಮೆತ್ತಗಿನ ಹೊಯಿಗೆ ಎಂದು ಅವನು ತಿಳಿದಿದ್ದ. ಅಲ್ಲಿ ಇದ್ದದ್ದು ಗಟ್ಟಿ ನೆಲ. ಬೇಸಗೆಯಲ್ಲಿ ಒಣಗಿ ಬಿರಿದ ಗದ್ದೆಯ ಹಾಗೆ, ಆದರೆ ಬದುವಿಲ್ಲ, ಮರವಿಲ್ಲ, ಆಚೆ ಕೊನೆಯೂ ಇಲ್ಲ. ರಸ್ತೆ ಎಂಬುದು ಕೆಲವು ಕಡೆ ಮಾತ್ರ. ಉಳಿದಲ್ಲಿ ಮುಂದೆ ಹೋದ ಲಾರಿಗಳ ಚಕ್ರದ ಗುರುತೇ ದಾರಿ. ದಾರಿ ತಪ್ಪದ ಹಾಗೆ ಅಲ್ಲಲ್ಲಿ ಸುಣ್ಣ ಬಳಿದ ಎಣ್ಣೆಯ ಪೀಪಾಯಿಗಳನ್ನು ನಿಲ್ಲಿಸಿದ್ದರು.

ಆದರೂ ಅವನಿಗೆ ಅಲ್ಲಿ ಬದುಕುವುದು ಕಷ್ಟವಾಗಲಿಲ್ಲ. ಸಾಲಾಗಿ ಲಾರಿಗಳು, ಮುಂದಿನ ಲಾರಿಯ ಹಿಂಬದಿ ನೋಡಿಕೊಂಡು ಬಿಟ್ಟರಾಯಿತು. ಪಕ್ಕದಲ್ಲಿ ಒಬ್ಬ ಜೊತೆಗಾರ. ಎಲ್ಲಿ ನಿಲ್ಲಿಸಬೇಕು, ಯಾವಾಗ ಹೊರಡಬೇಕು ಎಂದು ಹೇಳಲು ಪಂಜಾಬಿ ಹವಾಲ್ದಾರ. ಸ್ವಂತಕ್ಕೆ ಯೋಚಿಸಬೇಕಾದ್ದು ಏನೂ ಇರಲಿಲ್ಲ. ದೂಮಪ್ಪನಿಗೆ ಅದು ಒಗ್ಗಿತು.

ಎರಡನೆಯ ವರ್ಷದ ಬೇಸಗೆಯಲ್ಲಿ ಒಮ್ಮೆ ಅವನ ಲಾರಿಯ ಸ್ಪ್ರಿಂಗ್ ಮುರಿದು ರೇಡಿಯೇಟರು ಒಡೆಯಿತು. ಮರಳುಗಾಡಿನ ನಡುವೆ ನೆಲದಡಿಯಲ್ಲಿ ಎಣ್ಣೆಯ ಕೊಳವೆ ಹೋಗುತ್ತದೆ. ಆ ಎಣ್ಣೆಯನ್ನು ಮುಂದಕ್ಕೆ ತಳ್ಳಲು ಅಷ್ಟಷ್ಟು ದೂರಕ್ಕೆ ಪಂಪು ಸ್ಟೇಷನ್ನುಗಳಿವೆ. ಅಂಥ ಒಂದು ಸ್ಟೇಷನ್ನಿನ ವರ್ಕ್‌ಶಾಪಿನಲ್ಲಿ ಅವನನ್ನೂ ಲಾರಿಯನ್ನೂ ಬಿಟ್ಟು ಉಳಿದವರು ಮುಂದೆ ಹೋದರು. ಜೊತೆಗಾರನಿಗೆ ಜ್ವರ ಬಂದಿತ್ತು, ಅವನನ್ನೂ ಕರೆದುಕೊಂಡು ಹೋದರು. ಲಾರಿಯಲ್ಲಿ ಇದ್ದದ್ದು ಆಸ್ಪತ್ರೆಯ ಮಂಚಗಳು, ಕಂಬಳಿಗಳು.

ರಿಪೇರಿ ಮುಗಿಯಿತು. ಒಂಟಿ ಲಾರಿ ಮರಳುಗಾಡಿನಲ್ಲಿ ಹೋಗಬಾರದು ಎಂಬ ನಿಯಮ ಇತ್ತು, ಆದರೆ ಹಿಂದಿನಿಂದ ಬರಬೇಕಾದ ಲಾರಿಗಳ ಸುದ್ದಿ ಇರಲಿಲ್ಲ. ಮಂಚಗಳು ಬೇಗ ಬೇಕು ಎಂದು ಮುಂದಿನಿಂದ ಫೋನು ಬರುತ್ತಿತ್ತು. ವರ್ಕ್‌ಶಾಪಿನ ಮುಖ್ಯಸ್ಥ, ಸುಸ್ತಾದ ಕಣ್ಣಿನ ಒಬ್ಬ ಜಮಾದಾರ, ದೂಮಪ್ಪನನ್ನು ಕರೆದು ಹಿಂದೂಸ್ತಾನಿಯಲ್ಲಿ ಹೇಳಿದ: ನಾನು ಹುಕುಂ ಕೊಡುವ ಹಾಗಿಲ್ಲ. ಬೇಕಾದರೆ ಇಲ್ಲಿ ಕಾಯಿ, ಯಾರೂ ಕೇಳುವುದಿಲ್ಲ. ಧೈರ್ಯ ಇದ್ದರೆ ಒಬ್ಬನೇ ಹೋಗು. ಮುಂದಿನ ಸ್ಟೇಷನ್ನು ಒಂದು ದಿನದ ದಾರಿ. ನೀನೇ ಹೇಳು.

ಕಾಯುತ್ತೇನೆ ಎನ್ನುವ ಮಾತು ದೂಮಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಎಷ್ಟೋ ವರ್ಷ ಅವನು ಬೂಬ ಮಾವನಿಗೆ ಹೇಳಿಕೊಂಡು ಬಂದದ್ದು ಅದನ್ನೇ. ಅದನ್ನು ಹೇಳಲು ಹೊರಟವನಿಗೆ ಟ್ರಂಕಿನ ಎದುರು ಕೈ ನಿಲ್ಲಿಸಿ ಕೂತ ವಾರಿಜಾಕ್ಷಿಯ ಮುಖ ಕಣ್ಣಿಗೆ ಕಟ್ಟಿತು. ಅವಳ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇತ್ತು. ಹೋಗ್ತೇನೆ ಎಂದ. ಹೇಳಿದ ಮೇಲೆ, ಇದನ್ನು ಹೇಳಿದ್ದು ಯಾರು ಎಂದು ಅವನಿಗೇ ಗಾಬರಿಯಾಯಿತು.

ಬೆಳಿಗ್ಗೆ ಹೊರಟ. ಚಕ್ರ ತಟ್ಟಿ ನೋಡಿದ, ಹಗ್ಗ ಎಳೆದು ನೋಡಿದ, ನೀರಿನ ಡಬ್ಬಗಳನ್ನು ಅಲ್ಲಾಡಿಸಿ ನೋಡಿದ. ಜಮಾದಾರ ನೋಡುತ್ತ ನಿಂತಿದ್ದ. ಸ್ಟೇಷನ್ನಿನ ಗೋಪುರ ಹಿಂದೆ ಸಣ್ಣದಾಗುತ್ತಾ ಹೋಗಿ, ಆಮೇಲೆ ಕಾಣದೆ ಹೋದಾಗ ಅವನ ಎದೆ ಹೊಡೆದುಕೊಳ್ಳಲು ಸುರುವಾಯಿತು. ಇದು ಶೆಡ್ಡಿನ ದಾರಿಯಲ್ಲ. ಇಲ್ಲಿ ಮೊಯ್ದೀನಬ್ಬ ಇಲ್ಲ. ಎಂಜಿನಿನ ಶಬ್ದ ಬಿಟ್ಟರೆ ಜಗತ್ತಿನಲ್ಲಿ ಬೇರೆ ಶಬ್ದವೇ ಇಲ್ಲ. ಅದು ನಿಂತರೆ ಏನು ಎಂಬ ಯೋಚನೆ ಬಂದದ್ದೇ ತಡ, ಎಂಜಿನಿನಲ್ಲಿ ಇಲ್ಲದ ಕೆಮ್ಮು, ಇಲ್ಲದ ಕಿರುಗುಟ್ಟುವಿಕೆ ಎಲ್ಲ ಕೇಳತೊಡಗಿತು. ಒಂದು ಪೀಪಾಯಿ ದಾಟಿದರೆ ಮುಂದಿನದು ಕಾಣುವವರೆಗೆ ಅವನು ಸರಿಯಾಗಿ ಉಸಿರು ಬಿಡುತ್ತಿರಲಿಲ್ಲ.

ಕೈ ನಡುಗುವುದು ನಿಲ್ಲದೆ ಇದ್ದಾಗ ಅವನು ಮೊಯ್ದೀನಬ್ಬನ ಸ್ವರ ಮಾಡಿ ಸ್ಟಾಪುಗಳ ಹೆಸರು ಕೂಗಲು ಸುರು ಮಾಡಿದ. ಒಂದು ಪೀಪಾಯಿ ಬಂದರೆ ಕದ್ರಿ. ಇನ್ನೊಂದು ಬಂದರೆ ನಂತೂರು. ಕುಲಶೇಖರದಲ್ಲಿ ಇಗರ್ಜಿಗೆ ಹೋಗುವವರನ್ನು ಇಳಿಸಿದ. ವಾಮಂಜೂರಿನಲ್ಲಿ ರಸ್ತೆಯ ಎರಡೂ ಬದಿ ಹಸಿರು ಗದ್ದೆ, ಬಸಳೆ ಕಟ್ಟು ಹಿಡಿದ ಹೆಂಗಸರು ಹತ್ತಿದರು, ಒಳಗೆ ಹೋಗಿ ಒಳಗೆ ಹೋಗಿ ಎಂದು ಅವನೇ ಅವರನ್ನು ಒತ್ತಾಯಿಸಿದ. ಗುರುಪುರ, ಕೈಕಂಬ, ಎಡಪದವು, ಮಿಜಾರು. ಮೂಡಬಿದ್ರೆ ಬಂತು, ಎಲ್ಲರೂ ಇಳಿದರು. ಅಲ್ಲಿಂದಾಚೆಗೆ ಅವನಿಗೆ ಸ್ಟಾಪು ಗೊತ್ತಿರಲಿಲ್ಲ. ಲಾರಿ ಮುಂದೆ ಹೋಗುತ್ತಲೇ ಇತ್ತು.

ಮಧ್ಯಾಹ್ನ ಕಳೆದ ಮೇಲೆ ಎದುರಿನ ಆಕಾಶ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತು. ಧೂಳಿನ ಗಾಳಿ ಬರುತ್ತದೆ ಎಂದು ಅವನಿಗೆ ಗೊತ್ತಾಯಿತು. ಅಂಥ ಗಾಳಿ ಬಂದರೆ ನಿಂತಲ್ಲೇ ನಿಲ್ಲಬೇಕು, ಲಾರಿ ಬಿಟ್ಟು ಇಳಿಯಬಾರದು ಎಂದು ಹವಾಲ್ದಾರ ಎಷ್ಟೋ ಸಲ ಹೇಳಿದ್ದ. ದೂಮಪ್ಪ ನಿಲ್ಲಿಸಿದ. ಆದರೆ ಕಳೆದ ಪೀಪಾಯಿ ದಾಟಿ ಬಹಳ ಹೊತ್ತಾಗಿತ್ತು, ಮುಂದಿನದು ಕಂಡಿರಲಿಲ್ಲ. ದಾರಿ ತಪ್ಪಿದೆಯೋ ಎಂಬ ಸಂಶಯ ಅವನನ್ನು ಸೀಟಿನಲ್ಲಿ ಕೂರಲು ಬಿಡಲಿಲ್ಲ. ಬಲಗಡೆ ಸ್ವಲ್ಪ ದೂರದಲ್ಲಿ ಬೆಳ್ಳಗೆ ಏನೋ ಕಂಡ ಹಾಗಾಯಿತು. ಅದೊಂದು ನೋಡಿ ಬಂದುಬಿಡುವ ಎಂದು ಇಳಿದ. ಅದು ಪೀಪಾಯಿಯಾಗಿರಲಿಲ್ಲ, ಯಾವುದೋ ಪ್ರಾಣಿಯ ಎಲುಬುಗಳ ರಾಶಿ. ತಿರುಗಿ ನೋಡುವಷ್ಟರಲ್ಲಿ ಧೂಳು ಬಂದು ಕವಿದಿತ್ತು. ಲಾರಿ ಇಲ್ಲ.

ಅವನು ಓಡಿದ. ಲಾರಿ ಇದ್ದ ಕಡೆಗೆಂದೇ ಓಡಿದ. ಅಲ್ಲಿ ಏನೂ ಸಿಗಲಿಲ್ಲ. ತಿರುಗಿ ಇನ್ನೊಂದು ಕಡೆಗೆ ಓಡಿದ. ಬಾಯಿ, ಮೂಗು, ಕಣ್ಣು ಎಲ್ಲ ಮಣ್ಣು. ಕೈ ಚಾಚಿದರೆ ಸ್ವಂತ ಬೆರಳು ಕಾಣುತ್ತಿರಲಿಲ್ಲ. ಅಳಿವೆಯಲ್ಲಿ ಆದದ್ದೇ ಇಲ್ಲಿಯೂ ಆಯಿತು ಎಂದುಕೊಂಡ. ಅಲ್ಲಿ ಹಿಡಿದುಕೊಳ್ಳಲು ದೋಣಿಯ ಬೆನ್ನಾದರೂ ಇತ್ತು. ಇಲ್ಲಿ ಹಿಡಿಯಲು ಏನೂ ಇರಲಿಲ್ಲ. ಹೀಗೆಯೇ ಇನ್ನೊಂದಷ್ಟು ಓಡಿದರೆ ಲಾರಿಯಿಂದ ದೂರ ದೂರ ಹೋಗಿ ಸಾಯುವುದು ಖಂಡಿತ ಎಂಬ ಒಂದೇ ಒಂದು ಸರಿಯಾದ ಯೋಚನೆ ಹೇಗೋ ಅವನ ತಲೆಗೆ ಬಂತು. ನಿಂತ. ನಿಂತಲ್ಲೇ ಕೂತ. ಓಡುವುದಕ್ಕಿಂತ ಕೂರುವುದು ಕಷ್ಟವಾಗಿತ್ತು. ಕಾಲುಗಳು ತಾವಾಗಿಯೇ ಎದ್ದು ಹೊರಡುತ್ತಿದ್ದವು, ಅವುಗಳನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ.

ಮೊಯ್ದೀನಬ್ಬನನ್ನು ಕೂಗಿದ. ವಾರಿಜಾಕ್ಷಿಯನ್ನು ಕೂಗಿದ. ಗಾಳಿ ಆ ಹೆಸರುಗಳನ್ನು ಬಾಯಿಯಿಂದಲೇ ಕಿತ್ತುಕೊಂಡು ಹೋಯಿತು. ಆಗ ಅವನಿಗೆ ಒಂದು ಹಳೆಯ ಕ್ರಮ ನೆನಪಾಯಿತು. ಕಡಲಲ್ಲಿ ಮಂಜು ಮುಸುಕಿ ಒಬ್ಬರ ಮುಖ ಒಬ್ಬರಿಗೆ ಕಾಣದೆ ಹೋದರೆ ತಾಂಡೇಲರು ದೋಣಿಯಲ್ಲಿ ಇದ್ದವರ ಹೆಸರು ಒಂದೊಂದಾಗಿ ಕೂಗುತ್ತಾರೆ. ಕೂಗಿದವನು ಓ ಎನ್ನಬೇಕು. ಇದ್ದೇನೆ ಎಂದು ಅದರ ಅರ್ಥ. ದೂಮಪ್ಪ ಕಣ್ಣು ಮುಚ್ಚಿ ಬೂಬ ಮಾವನ ದಪ್ಪ ಸ್ವರದಲ್ಲಿ ತನ್ನ ಹೆಸರನ್ನೇ ಕೂಗಿದ. ದೂಮಪ್ಪಾ. ಆಮೇಲೆ ತನ್ನ ಸ್ವರದಲ್ಲಿ ಓ ಎಂದ. ಹುಚ್ಚು ಎಂದು ಕಂಡಿತು, ಆದರೂ ಪುನಃ ಕೂಗಿದ, ಪುನಃ ಓಗೊಟ್ಟ. ಗಾಳಿ ಬೀಸುತ್ತಿದ್ದಷ್ಟು ಹೊತ್ತೂ ಅವನು ಅದನ್ನೇ ಮಾಡಿದ. ಹೆದರಿಕೆ ಹೋಗಲಿಲ್ಲ. ಕೊನೆಯವರೆಗೂ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಆದರೆ ಇಷ್ಟು ಹೆದರಿದ ಮನುಷ್ಯ ಒಬ್ಬ ಇಲ್ಲಿ ಕೂತಿದ್ದಾನೆ, ಕರೆದರೆ ಓ ಎನ್ನುತ್ತಾನೆ, ಎದ್ದು ಓಡುವುದಿಲ್ಲ ಎಂಬುದು ಅವನಿಗೆ ಹೊಸ ಸಂಗತಿಯಾಗಿ ಕಂಡಿತು. ಇಷ್ಟು ವರ್ಷ ಅವನಿಗೆ ಅಂಥವನ ಪರಿಚಯ ಇರಲಿಲ್ಲ.

ಹೊತ್ತು ಕಂತುವ ಮೊದಲು ಧೂಳು ತೆಳುವಾಯಿತು. ಲಾರಿ ಅವನ ಬೆನ್ನ ಹಿಂದೆಯೇ ಇತ್ತು, ಬೊಕ್ಕಪಟ್ಣದ ಒಂದು ಅಂಗಳದಷ್ಟು ದೂರದಲ್ಲಿ. ದೂಮಪ್ಪ ಹೋಗಿ ಅದರ ಬಾನೆಟ್ಟಿಗೆ ಕೆನ್ನೆ ಒತ್ತಿ ನಿಂತ. ಕತ್ತಲಲ್ಲಿ ಬಿಡಬಾರದೆಂದು ಬಾಗಿಲು ಹಾಕಿಕೊಂಡು ಸೀಟಿನ ಮೇಲೆ ಮಲಗಿದ. ನಿದ್ರೆ ಬಂತು ಎಂಬುದೇ ಅವನಿಗೆ ಆಶ್ಚರ್ಯ.

ಬೆಳಿಗ್ಗೆ ಎದ್ದರೆ ಚಕ್ರದ ಗುರುತುಗಳೆಲ್ಲ ಅಳಿಸಿ ಹೋಗಿದ್ದವು. ಯಾವ ಕಡೆ ಹೋಗುವುದೆಂದು ಹೇಳಲು ಯಾರೂ ಇಲ್ಲ. ಸೂರ್ಯನಿಗೆ ಬೆನ್ನು ಹಾಕಿದರೆ ಪಶ್ಚಿಮ, ಅಷ್ಟು ಗೊತ್ತಿತ್ತು. ಆ ಕಡೆಗೆ ಬಿಟ್ಟ. ಬಹಳ ದೂರ ಹೋದ ಮೇಲೆ ಎದುರಿಗೆ ನೀರು ಹರಿದು ಕೊರೆದ ಒಂದು ಒಣ ತೋಡು ಸಿಕ್ಕಿತು, ಲಾರಿ ಇಳಿಯುವ ಹಾಗಿರಲಿಲ್ಲ. ತಪ್ಪಾಯಿತು ಎಂದುಕೊಂಡ. ಹಿಂದಿನ ದೂಮಪ್ಪನಾಗಿದ್ದರೆ ಅಲ್ಲಿಯೇ ನಿಂತು ಯಾರಾದರೂ ಬರುವವರೆಗೆ ಕಾಯುತ್ತಿದ್ದನೋ ಏನೋ. ಇವನು ಲಾರಿಯನ್ನು ಹಿಂದಕ್ಕೆ ತೆಗೆದು, ತೋಡಿನ ಅಂಚು ಹಿಡಿದು ಎಡಕ್ಕೆ ಹೋಗುವ ಎಂದು ತೀರ್ಮಾನ ಮಾಡಿದ. ಎಡಕ್ಕೇ ಯಾಕೆ ಎಂದರೆ ಅವನಲ್ಲಿ ಕಾರಣ ಇರಲಿಲ್ಲ. ನೀರಿನ ಡಬ್ಬದಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿತ್ತು, ರೇಡಿಯೇಟರಿಗೂ ಅದೇ, ಅವನಿಗೂ ಅದೇ. ರೇಡಿಯೇಟರಿಗೆ ಮೊದಲು ಹೊಯ್ದ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ದೂರದಲ್ಲಿ ಸೂಜಿ ನೆಟ್ಟ ಹಾಗೆ ಟೆಲಿಫೋನಿನ ಕಂಬಗಳ ಸಾಲು ಕಂಡಿತು. ಎಣ್ಣೆಯ ಕೊಳವೆಯ ಜೊತೆಯಲ್ಲೇ ಹೋಗುವ ಕಂಬಗಳವು. ಅವನ್ನು ಹಿಡಿದು ಹೋದವನು ಸಂಜೆಗೆ ಮುಂದಿನ ಪಂಪು ಸ್ಟೇಷನ್ನಿನ ಗೇಟು ಮುಟ್ಟಿದ.

ಪಹರೆಯವನು ಲಾರಿಯ ಸುತ್ತ ನೋಡಿ, ಹಿಂದೆ ದಾರಿಯ ಉದ್ದಕ್ಕೂ ನೋಡಿ, ಯಾರ ಜೊತೆ ಬಂದೆ ಎಂದು ಕೇಳಿದ.

"ಒಬ್ಬನೇ" ಎಂದ ದೂಮಪ್ಪ. ಎರಡನೆಯ ಸಲ ಹೇಳಬೇಕಾಯಿತು.

ನಿಯಮ ಮೀರಿ ಒಬ್ಬನೇ, ಅದೂ ತಡ ಮಾಡಿ ಬಂದದ್ದಕ್ಕೆ ಹವಾಲ್ದಾರನಿಂದ ಬೈಗುಳ ಸಿಕ್ಕಿತು, ಮಂಚಗಳು ಆಸ್ಪತ್ರೆ ಸೇರಿದವು. ಯುದ್ಧ ಮುಗಿಯುವವರೆಗೆ ಅವನು ಆ ದಾರಿಯಲ್ಲಿ ಇನ್ನೂ ಎಷ್ಟೋ ಸಲ ಹೋದ, ಯಾವಾಗಲೂ ಸಾಲಿನಲ್ಲಿ. ತನಗಾದದ್ದನ್ನು ಯಾರಿಗೂ ಹೇಳಲಿಲ್ಲ. ಮರಳಿ ಬರುವಾಗ ಹಡಗಿನ ಮೇಲಿನ ಡೆಕ್ಕಿಗೆ ಒಮ್ಮೆ ಹತ್ತಿದ, ನೀರು ನೋಡಿದ, ಕಂಬಿ ಹಿಡಿದುಕೊಂಡೇ ಕೆಳಗೆ ಇಳಿದ. ಕಡಲಿನ ಹೆದರಿಕೆ ಹಾಗೆಯೇ ಇತ್ತು. ಅದು ಹೋಗಿರಬಹುದು ಎಂದು ಅವನಿಗೊಂದು ಸಣ್ಣ ಆಸೆ ಇತ್ತು. ಅದು ಹೋಗುವುದಿಲ್ಲ ಎಂದು ಆ ದಿನ ತಿಳಿಯಿತು.

ರೈಲಿಳಿದು ಬೊಕ್ಕಪಟ್ಣಕ್ಕೆ ಬಂದ ದಿನ ಬೂಬ ಮಾವ ಜಗಲಿಯಲ್ಲಿ ಕಾಲು ನೀಡಿ ಕೂತು ಬಲೆಯ ಹರಿದ ಕಣ್ಣು ಕಟ್ಟುತ್ತಿದ್ದರು. ಮೊಣಕಾಲು ತೆಂಗಿನಕಾಯಿಯಷ್ಟು ಬಾತಿತ್ತು. ಯಾದವ ಅಂಗಳದಲ್ಲಿದ್ದ. ಕೈಕಾಲು ತೊಳೆದು, ಬೆಲ್ಲ ನೀರು ಕುಡಿದು ಆದ ಮೇಲೆ ಮಾವ ಮೊದಲು ಕೇಳಿದ್ದೇ ಅದನ್ನು: ಮಳೆ ಕಳೆದ ಕೂಡಲೆ ದೋಣಿ ಇಳಿಸುವುದು, ಈ ಸಲ ನೀನು ಕೂರುತ್ತೀಯಲ್ಲ.

ಮುಂದಿನ ವರ್ಷ ಎಂಬ ಮಾತು ದೂಮಪ್ಪನ ಬಾಯಿಯವರೆಗೆ ಬಂತು. ಅದನ್ನು ನುಂಗಿದ.

"ಇಲ್ಲ ಮಾವ. ನನಗೆ ಹೆದರಿಕೆ ಆಗ್ತದೆ. ಸುಂದರ ಹೋದ ದಿನದಿಂದ ಉಂಟು, ಇನ್ನು ಅದು ಹೋಗುವುದಿಲ್ಲ. ನಾನು ಕಡಲಿಗೆ ಬರುವುದಿಲ್ಲ. ಚುಕ್ಕಾಣಿ ಯಾದವನಿಗೆ ಕೊಡಿ."

ಮಾವ ಬಲೆಯಿಂದ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕಣ್ಣನ್ನು ಕಟ್ಟಿ ಮುಗಿಸಿ, ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತಾ ಎಂದು ಕೇಳಿದರು. ನನ್ನ ಕಾಲು ಹೋಯಿತು, ಯಾದವನ ಪ್ರಾಯ ಹೋಯಿತು ಎಂದರು. ಮಾವ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಅಂದಿನಿಂದ ಅವರು ಅವನೊಡನೆ ಮಾತು ಬಿಟ್ಟರು. ಮಳೆ ಕಳೆದು ದೋಣಿ ಇಳಿಸಿದಾಗ ಯಾದವ ಚುಕ್ಕಾಣಿಯಲ್ಲಿ ಕೂತ. ಅವನಿಗೆ ಸಂತೋಷವೇ ಆಗಿತ್ತು, ಆದರೆ ಮನೆಯಲ್ಲಿ ಅದನ್ನು ತೋರಿಸುವ ಹಾಗಿರಲಿಲ್ಲ. ದೂಮಪ್ಪ ವಾರಿಜಾಕ್ಷಿಯೊಡನೆ ಉರ್ವದ ಹತ್ತಿರ ಒಂದು ಸಣ್ಣ ಮನೆಯಲ್ಲಿ ಉಳಿದ. ಮರಳುಗಾಡಿನ ಸಂಗತಿಯನ್ನು ಅವಳಿಗೆ ಮಾತ್ರ ಹೇಳಿದ, ತನ್ನ ಹೆಸರು ತಾನೇ ಕೂಗಿದ್ದನ್ನೂ ಬಿಡದೆ. ಅವಳು ನಗಲಿಲ್ಲ. ನೀರು ಎಷ್ಟು ಉಳಿದಿತ್ತು ಎಂದು ಕೇಳಿದಳು.

ಹಳೆಯ ಬಸ್ಸಿನ ಕೆಲಸವೇ ಪುನಃ ಸಿಕ್ಕಿತು. ಮೊದಲ ಸಂಜೆ ಮೊಯ್ದೀನಬ್ಬ ಅಭ್ಯಾಸದ ಹಾಗೆ ಶೆಡ್ಡಿಗೆ ಬರಲು ಹತ್ತಿ ನಿಂತಾಗ ದೂಮಪ್ಪ, ನೀನು ಮನೆಗೆ ಹೋಗು ಮಾರಾಯ, ನಾನು ಒಯ್ಯುತ್ತೇನೆ ಎಂದ. ಒಯ್ದ. ಎದೆ ಹೊಡೆದುಕೊಂಡಿತು, ಬಸ್ಸು ಶೆಡ್ಡು ಸೇರಿತು.

ಮಾವ ಮಾತು ಬಿಟ್ಟು ವರ್ಷ ದಾಟಿತ್ತು. ಗುರುಪುರಕ್ಕೆ ಕೊಟ್ಟ ಅವರ ಮಗಳಿಗೆ ಹೆರಿಗೆಯಾಯಿತು. ಜೀವಮಾನವಿಡೀ ಅವರು ಗುರುಪುರಕ್ಕೆ ಹೋದದ್ದು ಹೊಳೆಯಲ್ಲಿ, ಸ್ವಂತ ದೋಣಿಯಲ್ಲಿ. ಈಗ ಹುಟ್ಟು ಹಾಕಲು ಕಾಲು ಊರಲಾಗದೆ, ಯಾದವ ಕಡಲಿಗೆ ಹೋಗಿದ್ದ ಒಂದು ಬೆಳಿಗ್ಗೆ, ಕೋಲೂರಿಕೊಂಡು ಹಂಪನಕಟ್ಟೆಗೆ ಬಂದರು. ಅವರು ಬಸ್ಸು ಹತ್ತಿದ್ದು ಅದೇ ಮೊದಲು. ಮೊಯ್ದೀನಬ್ಬ ಗುರುತು ಹಿಡಿದು ಅವರನ್ನು ಎದುರಿನ ಸೀಟಿನಲ್ಲಿ, ಡ್ರೈವರಿನ ಹಿಂದೆಯೇ ಕೂರಿಸಿದ. ದೂಮಪ್ಪ ಚಕ್ರ ತಟ್ಟಿ ನೋಡಿದ. ಹಗ್ಗ ಎಳೆದು ನೋಡಿದ. ಆ ದಿನ ಒಂದು ಸಲ ಹೆಚ್ಚೇ ನೋಡಿದ.

ವಾಮಂಜೂರಿನವರೆಗೆ ಮಾವ ಕೋಲು ಹಿಡಿದು ಸುಮ್ಮನೆ ಕೂತಿದ್ದರು. ಅಲ್ಲಿಂದ ಗುರುಪುರದ ಇಳಿಜಾರು ಸುರುವಾಗುತ್ತದೆ, ತಿರುವಿನ ಮೇಲೆ ತಿರುವು, ಒಂದು ಬದಿಯಲ್ಲಿ ಆಳ. ಮೊದಲ ತಿರುವಿನಲ್ಲಿಯೇ ಅವರ ಕೋಲು ಕೆಳಗೆ ಬಿತ್ತು. ಎರಡೂ ಕೈಯಿಂದ ಎದುರಿನ ಕಂಬಿ ತಬ್ಬಿಕೊಂಡು ಕಣ್ಣು ಮುಚ್ಚಿದರು. ದೂಮಪ್ಪ ಕನ್ನಡಿಯಲ್ಲಿ ನೋಡಿದ. ಆ ಬೆರಳುಗಳ ಗಂಟುಗಳು ಬೆಳ್ಳಗಾಗಿದ್ದವು.

"ಮೆಲ್ಲ ಬಿಡು ದೂಮಪ್ಪ" ಎಂದರು ಮಾವ.

ಅವನು ಆ ಇಳಿಜಾರಿನಲ್ಲಿ ಮೊದಲೇ ಮೆಲ್ಲ ಬಿಡುವವನು. ಅಂದು ನಡೆಯುವವರು ಬಸ್ಸನ್ನು ದಾಟಿ ಹೋಗುವಷ್ಟು ಮೆಲ್ಲ ಬಿಟ್ಟ. ಹಿಂದಿನವರು ಗೊಣಗಿದರು, ಮೊಯ್ದೀನಬ್ಬ ಅವರಿಗೆ ಏನೋ ಸುಳ್ಳು ಹೇಳಿ ಸಮಾಧಾನ ಮಾಡಿದ. ಗುರುಪುರದಲ್ಲಿ ದೂಮಪ್ಪನೇ ಇಳಿದು ಬಂದು ಕೈ ಕೊಟ್ಟು ಮಾವನನ್ನು ಇಳಿಸಿದ. ಅವರು ಪಂಚೆ ಸರಿ ಮಾಡಿಕೊಂಡು, ಕೋಲು ಊರಿ, ಹೊಳೆಯ ಕಡೆಗೆ ಒಮ್ಮೆ ನೋಡಿ ಕೇಳಿದರು.

"ಸಂಜೆ ತಿರುಗಿ ಬರುವಾಗ ನೀನೇ ಇರ್ತೀಯಾ, ಬೇರೆಯವರಾ?"

"ನಾನೇ ಇರ್ತೇನೆ, ಮಾವ."

ಅವರು ತಲೆ ಆಡಿಸಿ ಮಗಳ ಮನೆಯ ದಾರಿ ಹಿಡಿದರು. ಸಂಜೆ ಬಸ್ಸು ಗುರುಪುರಕ್ಕೆ ಬಂದಾಗ ಅವರು ಹೊತ್ತಿಗೆ ಮುಂಚೆಯೇ ಬಂದು, ರಸ್ತೆಯ ಆಚೆ ಬದಿಯಲ್ಲಿ, ಕಂಕುಳಲ್ಲಿ ಒಂದು ದೊಡ್ಡ ಕುಂಬಳಕಾಯಿ ಹಿಡಿದುಕೊಂಡು ನಿಂತಿದ್ದರು. ಇಷ್ಟು ಭಾರದ್ದನ್ನು ಈ ಕಾಲಲ್ಲಿ ಯಾಕೆ ಹೊತ್ತು ತಂದಿರಿ ಎಂದು ಮೊಯ್ದೀನಬ್ಬ ಓಡಿಹೋಗಿ ತೆಗೆದುಕೊಂಡ. ವಾರಿಜಾಕ್ಷಿಗೆ ಎಂದರು ಮಾವ, ಬಸ್ಸು ಹತ್ತುತ್ತಾ.